ಗೇಟಿನ ಹಲಗೆಯಲ್ಲಿ ಕಾಣದ ಲೆಕ್ಕ



ದಾವಣಗೆರೆಯ ಕರೂರು ಕೈಗಾರಿಕಾ ಪ್ರದೇಶದಲ್ಲಿ ಸಂಜೆ ಪಾಳಿ ಬಿಡುವ ಹೊತ್ತು ನಿಮ್ಮಲ್ಲಿ ಹಲವರಿಗೆ ಗೊತ್ತು. ಗೇಟಿನಿಂದ ಹೊರಬಿದ್ದ ಹೆಣ್ಣುಮಕ್ಕಳು ಆಟೊಗೆ ಕಾಯುತ್ತಾ ನಿಂತಿರುತ್ತಾರೆ. ಹರಿಹರದ ಕಡೆ ಹೋಗುವವರು ಬಸ್ಸು ಹಿಡಿಯಲು ಬಿರಬಿರನೆ ಹೆಜ್ಜೆ ಹಾಕುತ್ತಾರೆ. ಅಂಥ ಒಂದು ಸಂಜೆ, ಚಹಾ ಅಂಗಡಿಯ ಮುಂದೆ, ಹೊಲಿಗೆ ಮೆಷಿನ್ನಿನ ಮೇಲೆ ಕೆಲಸ ಮಾಡುವ ಹೆಣ್ಣುಮಗಳೊಬ್ಬಳು ತನ್ನ ಮೊಬೈಲನ್ನು ನನ್ನ ಮುಂದೆ ಹಿಡಿದಳು. ನಾನು ಇದೇ ಪ್ರದೇಶದಲ್ಲಿ ವರ್ಷಾನುಗಟ್ಟಲೆ ಸಂಬಳದ ಪಟ್ಟಿ, ಪಿಎಫ್ ಚಲನ್ ಬರೆದವನು. ಅದು ಆಕೆಗೆ ಯಾರಿಂದಲೋ ತಿಳಿದಿತ್ತು. ಪರದೆಯ ಮೇಲೆ ಇದ್ದದ್ದು ಆಕೆಯ ಪಿಎಫ್ ಪಾಸ್‌ಬುಕ್. ಒಂದು ಸಾಲಿನಲ್ಲಿ ಮೂರು ಅಂಕಿ: 1,680, ಅದರ ಪಕ್ಕ 514, ಕೊನೆಗೆ 1,166.

"ಅಣ್ಣಾರೆ, ಮೊದಲ ಎರಡಕ್ಕೂ ವರ್ಷದ ಕೊನೀಗೆ ಬಡ್ಡಿ ಬಿದ್ದೈತಿ. ಈ ಮೂರನೇದಕ್ಕೆ ಬಡ್ಡೀನೇ ಇಲ್ಲ. ನಮ್ಮ ಬಡ್ಡಿ ಯಾರು ತಿಂದ್ರು?"

ಇವತ್ತಿನ ನನ್ನ ಮಾತೆಲ್ಲ ಆ ಪ್ರಶ್ನೆಗೆ ಉತ್ತರ ಹುಡುಕುವುದರಲ್ಲಿದೆ. ಆಕೆಯ ಅನುಮಾನ ತಪ್ಪಾಗಿತ್ತು. ಆದರೆ ಪ್ರಶ್ನೆ ಸರಿಯಾಗಿತ್ತು.

ಆಕೆಯ ಸಂಬಳ, ಅಂದರೆ ಮೂಲವೇತನ ಮತ್ತು ತುಟ್ಟಿಭತ್ಯೆ ಸೇರಿ, 14,000 ರೂಪಾಯಿ. ಅದರಲ್ಲಿ ಶೇ. 12 ಅಂದರೆ 1,680 ರೂಪಾಯಿ ಆಕೆಯ ಕೈಯಿಂದ ಕಡಿತ. ಮಾಲೀಕರೂ ಅಷ್ಟೇ ಹಾಕಬೇಕು. ಆದರೆ ಮಾಲೀಕರ ಪಾಲು ಎರಡಾಗಿ ಒಡೆಯುತ್ತದೆ. ಶೇ. 8.33 ಪಿಂಚಣಿ ನಿಧಿಗೆ ಹೋಗುತ್ತದೆ, ಅದೇ 1,166. ಉಳಿದ 514 ಭವಿಷ್ಯನಿಧಿಗೆ, ಅಂದರೆ ಪಿಎಫ್‌ಗೆ. ಮೊದಲ ಎರಡು ಅಂಕಿ ಆಕೆಯ ಹೆಸರಿನ ಗಂಟು. ಅದಕ್ಕೆ ಬಡ್ಡಿ ಬರುತ್ತದೆ, 2023–24ಕ್ಕೆ ಶೇ. 8.25 ಇತ್ತು. ಮೂರನೆಯದು ಆಕೆಯ ಗಂಟಲ್ಲ. 1995ರ ನವೆಂಬರ್ 16ರಿಂದ ಜಾರಿಗೆ ಬಂದ ನೌಕರರ ಪಿಂಚಣಿ ಯೋಜನೆಯಲ್ಲಿ ಆ ದುಡ್ಡು ದೇಶದ ಎಲ್ಲ ಕಾರ್ಮಿಕರ ದುಡ್ಡಿನೊಂದಿಗೆ ಒಂದೇ ಕೆರೆಗೆ ಸೇರುತ್ತದೆ. ಕೇಂದ್ರ ಸರ್ಕಾರವೂ ಶೇ. 1.16 ಸೇರಿಸುತ್ತದೆ. ಆಕೆಗೆ ಸಿಗುವುದು ಕಟ್ಟಿದ ದುಡ್ಡಿನ ಲೆಕ್ಕದಲ್ಲಿ ಅಲ್ಲ, ಒಂದು ಸೂತ್ರದ ಲೆಕ್ಕದಲ್ಲಿ: ಕೊನೆಯ 60 ತಿಂಗಳ ಸರಾಸರಿ ಸಂಬಳ, ಗುಣಿಸು ಸೇವೆಯ ವರ್ಷ, ಭಾಗಿಸು 70.

ಚಹಾ ಅಂಗಡಿಯ ಬಿಲ್ಲಿನ ಹಿಂದೆ ಬರೆದು ತೋರಿಸಿದೆ. ಆಕೆ 2015ರಲ್ಲಿ ಸೇರಿದವಳು, ಆಗ ವಯಸ್ಸು 40. 58 ತುಂಬುವಾಗ 18 ವರ್ಷದ ಸೇವೆ. ಸರಾಸರಿ ಸಂಬಳ 14,000 ಎಂದೇ ಇಟ್ಟುಕೊಂಡರೆ, 14,000 ಗುಣಿಸು 18, ಭಾಗಿಸು 70. ತಿಂಗಳಿಗೆ 3,600 ರೂಪಾಯಿ. ಆಕೆ ಆ ಅಂಕಿಯನ್ನು ಬಹಳ ಹೊತ್ತು ನೋಡಿದಳು. "ಇಷ್ಟೇನಾ?" ಅನ್ನಲಿಲ್ಲ. "ಇಷ್ಟು ಖಾತ್ರೀನಾ?" ಅಂದಳು.

ಬಡ್ಡಿ ಯಾರು ತಿಂದರು ಅನ್ನುವುದಕ್ಕಿಂತ ದೊಡ್ಡ ಪ್ರಶ್ನೆ ಇದು. ಕೊಡುತ್ತೇವೆ ಎಂದವರ ಹತ್ತಿರ ಕೊಡುವಷ್ಟು ದುಡ್ಡು ಇದೆಯೇ? ಇದ್ದರೆ ಎಷ್ಟು, ಎಲ್ಲಿ? ಅದನ್ನು ನನಗೆ ಹೇಳಬೇಕಾದವರು ಯಾರು?

ಈ ಪ್ರಶ್ನೆ ಕೇಳದೇ ಉಳಿದರೆ ಏನಾಗುತ್ತದೆ ಎಂಬುದಕ್ಕೆ ದೂರದ ಒಂದು ಊರಿನ ಕಥೆ ಹೇಳುತ್ತೇನೆ. ಅಮೆರಿಕದ ಇಂಡಿಯಾನಾ ರಾಜ್ಯದ ಸೌತ್ ಬೆಂಡ್. ಅಲ್ಲಿ ಸ್ಟೂಡ್‌ಬೇಕರ್ ಎಂಬ ಕಾರು ಕಾರ್ಖಾನೆ 1963ರ ಡಿಸೆಂಬರಿನಲ್ಲಿ ನಿಂತುಹೋಯಿತು. ಕಂಪನಿ ಪಿಂಚಣಿಯ ಮಾತು ಕೊಟ್ಟಿತ್ತು, ನಿಧಿಯನ್ನೂ ತೆರೆದಿತ್ತು. ಆದರೆ ಕೊಟ್ಟ ಮಾತಿಗೆ ಸರಿಸಾಟಿಯಾಗುವಷ್ಟು ದುಡ್ಡು ಆ ನಿಧಿಯಲ್ಲಿ ಇರಲಿಲ್ಲ. ಆಗಲೇ ನಿವೃತ್ತರಾದವರಿಗೆ ಮತ್ತು 60 ದಾಟಿದ್ದವರಿಗೆ ಪೂರ್ತಿ ಸಿಕ್ಕಿತು. 40ರಿಂದ 59ರ ನಡುವಿನ ನಾಲ್ಕು ಸಾವಿರಕ್ಕೂ ಹೆಚ್ಚು ಜನಕ್ಕೆ ಬರಬೇಕಾದದ್ದರಲ್ಲಿ ಸುಮಾರು ಶೇ. 15 ಮಾತ್ರ ಸಿಕ್ಕಿತು. ಇನ್ನೂ ಚಿಕ್ಕವರಿಗೆ ಏನೂ ಇಲ್ಲ. ಇಪ್ಪತ್ತು, ಮೂವತ್ತು ವರ್ಷ ದುಡಿದ ಜನಕ್ಕೆ ನಿಧಿಯಲ್ಲಿ ಸಾಕಷ್ಟು ದುಡ್ಡಿಲ್ಲ ಎಂಬುದು ಬಾಗಿಲು ಮುಚ್ಚಿದ ಮೇಲೆ ತಿಳಿಯಿತು. ಹನ್ನೊಂದು ವರ್ಷದ ನಂತರ, 1974ರ ಸೆಪ್ಟೆಂಬರ್ 2ರಂದು, ಅಮೆರಿಕದಲ್ಲಿ ಪಿಂಚಣಿ ರಕ್ಷಣೆಯ ಕಾಯ್ದೆ ಬಂತು. ಈಗ ಅಲ್ಲಿ ಇಂಥ ಪಿಂಚಣಿ ಕೊಡುವ ಯೋಜನೆಗಳು ಪ್ರತಿ ವರ್ಷ ಪ್ರತಿಯೊಬ್ಬ ಸದಸ್ಯನಿಗೂ, ಸಂಘಕ್ಕೂ ಒಂದು ತಿಳಿವಳಿಕೆ ಪತ್ರ ಕಳಿಸಬೇಕು: ನಮ್ಮ ಬಾಧ್ಯತೆ ಇಷ್ಟು, ಕೈಯಲ್ಲಿರುವುದು ಇಷ್ಟು, ನೂರಕ್ಕೆ ಇಷ್ಟು ತುಂಬಿದೆ. ಇಂಗ್ಲೆಂಡಿನಲ್ಲಿ 1991ರಲ್ಲಿ ಪತ್ರಿಕೋದ್ಯಮಿ ರಾಬರ್ಟ್ ಮ್ಯಾಕ್ಸ್‌ವೆಲ್ ತೀರಿಕೊಂಡ ಮೇಲೆ, ಅವನ ಕಂಪನಿಗಳ ಪಿಂಚಣಿ ನಿಧಿಯಿಂದ ನೂರಾರು ಮಿಲಿಯನ್ ಪೌಂಡ್ ಕಾಣೆಯಾಗಿದ್ದು ಬೆಳಕಿಗೆ ಬಂತು. ಅಲ್ಲಿಯೂ ಈಗ ಸದಸ್ಯರ ಮನೆಗೆ ನಿಧಿಯ ಸ್ಥಿತಿಯ ಸಾರಾಂಶ ಹೋಗುತ್ತದೆ. ಎರಡು ದೇಶಗಳಲ್ಲೂ ಕಾರ್ಮಿಕರು ಕಳೆದುಕೊಂಡ ಮೇಲೆಯೇ ಕಾಯ್ದೆ ಕಣ್ಣುಬಿಟ್ಟಿತು.

ನಮ್ಮೂರಿಗೂ ಕಾರ್ಖಾನೆ ಮುಚ್ಚುವುದು ಹೊಸದಲ್ಲ. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಯುತ್ತಿದ್ದ ಕಾಲವಿತ್ತು. ಹತ್ತಿ ಗಿರಣಿಯ ಸೀಟಿಗೆ ಊರು ಎದ್ದು ಊರು ಮಲಗುತ್ತಿತ್ತು. ಗಿರಣಿ ಕಾರ್ಮಿಕರ ಮುಖಂಡ ಪಂಪಾಪತಿಯವರನ್ನು ಈ ಊರು ಮತ್ತೆ ಮತ್ತೆ ವಿಧಾನಸಭೆಗೆ ಕಳಿಸಿತ್ತು. ಆ ಗಿರಣಿಗಳು ಒಂದೊಂದಾಗಿ ನಿಂತವು. ಹರಿಹರದಲ್ಲಿ 1941ರಲ್ಲಿ ಶುರುವಾಗಿ, ದೇಶಕ್ಕೆಲ್ಲ ಲೇತ್ ಯಂತ್ರ ಕೊಟ್ಟ ಮೈಸೂರು ಕಿರ್ಲೋಸ್ಕರ್ ಈ ಶತಮಾನದ ಆರಂಭದಲ್ಲಿ ಸ್ತಬ್ಧವಾಯಿತು. ನಾನು ಆ ಕಾರ್ಖಾನೆಗಳ ಲೆಕ್ಕ ನೋಡಿದವನಲ್ಲ, ಅದರ ಬಗ್ಗೆ ಏನೂ ಹೇಳುವುದಿಲ್ಲ. ಆದರೆ ಮುಚ್ಚಿದ ಗೇಟಿನ ಮುಂದೆ ಕಾಗದ ಹಿಡಿದು ನಿಂತವರನ್ನು ನೋಡುತ್ತ ಬೆಳೆದ ಊರು ಇದು. ಇಲ್ಲಿ "ನಿಧಿ ಎಷ್ಟು ತುಂಬಿದೆ" ಎಂಬ ಪ್ರಶ್ನೆ ಬರೀ ಲೆಕ್ಕಿಗರ ಪ್ರಶ್ನೆಯಾಗಿ ಉಳಿಯಬಾರದು.

ಈಗ ನಮ್ಮ ಕಾನೂನು ಏನು ತೋರಿಸುತ್ತದೆ, ಏನು ತೋರಿಸುವುದಿಲ್ಲ ಎಂದು ನೋಡೋಣ.

ದುಡ್ಡು ಕಟ್ಟಿದ್ದಾರೋ ಇಲ್ಲವೋ ಎಂಬುದನ್ನು ಇವತ್ತು ಕಾರ್ಮಿಕ ಸ್ವತಃ ನೋಡಬಹುದು. ಈ ವಿಷಯದಲ್ಲಿ ನಾವು ಬಹಳ ಮುಂದೆ ಬಂದಿದ್ದೇವೆ, ಸಂತೋಷದಿಂದ ಹೇಳುತ್ತೇನೆ. ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಫಾರಂ 3ಎ, ಫಾರಂ 6ಎ ಎಂದು ಅಗಲವಾದ ಹಾಳೆಗಳನ್ನು ಕೈಯಲ್ಲಿ ತುಂಬಿ ಕಳಿಸುತ್ತಿದ್ದೆವು. ವರ್ಷದ ಲೆಕ್ಕದ ಚೀಟಿ, ಫಾರಂ 23, ಪಿಎಫ್ ಕಚೇರಿಯಿಂದ ಕಟ್ಟುಕಟ್ಟಾಗಿ ಮಾಲೀಕರಿಗೆ ಬರುತ್ತಿತ್ತು; ಅವರು ಹಂಚಬೇಕು. ನಾನು ದುಡಿದ ಒಂದು ಕಡೆ ಆ ಕಟ್ಟುಗಳು ಬೀರುವಿನಲ್ಲೇ ಉಳಿಯುತ್ತಿದ್ದವು. ಹುರಿ ಕೂಡ ಬಿಚ್ಚಿರಲಿಲ್ಲ. ಯಾಕೆ ಹಂಚುವುದಿಲ್ಲ ಎಂದು ಕೇಳಿದಾಗ, "ಕೊಟ್ಟರೆ ನೂರು ಪ್ರಶ್ನೆ ಕೇಳ್ತಾರೆ" ಎಂಬ ಉತ್ತರ ಬಂತು. ಅದೇ ಜಾಗದಲ್ಲಿ ಒಮ್ಮೆ ಆರು ತಿಂಗಳು ಸಂಬಳದಿಂದ ಪಿಎಫ್ ಕಡಿದು ಕಟ್ಟಿರಲಿಲ್ಲ. ನನ್ನ ಕೈಯಿಂದಲೇ ಸಂಬಳದ ಪಟ್ಟಿ ಬರೆದಿದ್ದೆ. ಆ ಚೀಟಿಗಳನ್ನು ಹಂಚಿದ್ದರೆ ಕಾರ್ಮಿಕರೇ ಕಂಡುಹಿಡಿಯುತ್ತಿದ್ದರು. ಇದನ್ನು ನೆನೆದಾಗ ಇಂದಿಗೂ ನನಗೆ ನೋವಾಗುತ್ತದೆ. ಕಾರ್ಮಿಕರ ಪಾಲನ್ನು ಕಡಿದು ಕಟ್ಟದಿರುವುದು ಬರೀ ವಿಳಂಬವಲ್ಲ, ಕಾನೂನಿನ ಕಣ್ಣಿನಲ್ಲಿ ನಂಬಿಕೆದ್ರೋಹದ ಅಪರಾಧ.

2012ರಿಂದ ಚಲನ್ ಕಂಪ್ಯೂಟರಿಗೆ ಬಂತು, 2014ರಲ್ಲಿ ಪ್ರತಿ ಸದಸ್ಯರಿಗೂ ಒಂದೇ ಖಾಯಂ ಸಂಖ್ಯೆ, ಯುಎಎನ್, ಬಂತು. ಈಗ ಪಿಎಫ್ ಸಂಸ್ಥೆಯ ಜಾಲತಾಣದಲ್ಲಿ ನಿಮ್ಮ ಕಾರ್ಖಾನೆಯ ಹೆಸರು ಹಾಕಿ ಹುಡುಕಿದರೆ ಯಾವ ತಿಂಗಳ ದುಡ್ಡು ಯಾವ ದಿನ ಕಟ್ಟಿದ್ದಾರೆ, ಎಷ್ಟು ಜನಕ್ಕೆ ಕಟ್ಟಿದ್ದಾರೆ ಎಂಬುದು ಕಾಣುತ್ತದೆ. ಒಂದು ತಿಂಗಳ ದುಡ್ಡು ಮುಂದಿನ ತಿಂಗಳ 15ರೊಳಗೆ ಬಿದ್ದಿರಬೇಕು. ನಿಮ್ಮ ಯುಎಎನ್‌ಗೆ ಜೋಡಿಸಿದ ಮೊಬೈಲಿನಿಂದ 99660 44425ಕ್ಕೆ ಮಿಸ್ಡ್ ಕಾಲ್ ಕೊಟ್ಟರೂ ಕೊನೆಯ ವಂತಿಗೆಯ ವಿವರ ಬರುತ್ತದೆ. ಇನ್ನೊಮ್ಮೆ ಹೇಳುತ್ತೇನೆ, ಬರೆದುಕೊಳ್ಳಿ: 99660 44425. ಪ್ರತಿ ತಿಂಗಳ 27ರಂದು ಪ್ರತಿ ಜಿಲ್ಲೆಯಲ್ಲೂ 'ನಿಧಿ ಆಪ್ಕೆ ನಿಕಟ್' ಎಂಬ ಶಿಬಿರ ನಡೆಯುತ್ತದೆ. ಪಾಸ್‌ಬುಕ್ಕಿನಲ್ಲಿ ತಿಂಗಳು ಬಿಟ್ಟುಹೋಗಿದ್ದರೆ ಅಲ್ಲಿ ಕೇಳಬಹುದು. ತಪ್ಪು ಕಂಡರೆ ಆರು ತಿಂಗಳೊಳಗೆ ತಿಳಿಸಬೇಕೆಂದು ಭವಿಷ್ಯನಿಧಿ ಯೋಜನೆಯ 73ನೇ ಕಂಡಿಕೆ ಸದಸ್ಯರ ಮೇಲೂ ಹೊಣೆ ಹೊರಿಸಿದೆ. ಆದರೆ ತಪ್ಪು ಕಾಣಬೇಕಾದರೆ ಓದಬೇಕು. ಪಾಸ್‌ಬುಕ್ಕಿನ ತಲೆಬರಹಗಳು ಹಿಂದಿ, ಇಂಗ್ಲಿಷಿನಲ್ಲಿವೆ. ಕರೂರಿನ ಹೊಲಿಗೆ ಮೆಷಿನ್ನಿನ ಮುಂದೆ ಕೂತವರ ಭಾಷೆ ಕನ್ನಡ, ಉರ್ದು. ಮೂರನೇ ಕಾಲಂ ಪಿಂಚಣಿಯದು, ಇದಕ್ಕೆ ಬಡ್ಡಿ ಇಲ್ಲ, ಸೂತ್ರದ ಪ್ರಕಾರ ಪಿಂಚಣಿ ಸಿಗುತ್ತದೆ ಎಂದು ಕನ್ನಡದ ಒಂದು ಸಾಲು ಅಲ್ಲಿ ಇದ್ದಿದ್ದರೆ ಆ ಹೆಣ್ಣುಮಗಳು ಇಷ್ಟು ದಿನ ಕಳ್ಳತನದ ಅನುಮಾನ ಹೊತ್ತು ತಿರುಗುತ್ತಿರಲಿಲ್ಲ.

ತಿಳಿಸದೇ ಮಾಡಿದರೆ ಏನಾಗುತ್ತದೆ ಎಂಬುದನ್ನು 2016ರಲ್ಲಿ ಬೆಂಗಳೂರೇ ನೋಡಿತು. ಆ ವರ್ಷ ಫೆಬ್ರವರಿಯಲ್ಲಿ, ಮಾಲೀಕರ ಪಾಲಿನ ಪಿಎಫ್ ದುಡ್ಡನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಎಂಬ ಅಧಿಸೂಚನೆ ಬಂತು. ಗಾರ್ಮೆಂಟ್ಸ್ ಹೆಣ್ಣುಮಕ್ಕಳಿಗೆ ಅದು ತಿಳಿದದ್ದು ಬಾಯಿಂದ ಬಾಯಿಗೆ ಹಬ್ಬಿದ ಸುದ್ದಿಯಾಗಿ. ಏಪ್ರಿಲ್ 18, 19ರಂದು ಸಾವಿರಾರು ಜನ ಹೊಸೂರು ರಸ್ತೆಗೆ ಇಳಿದರು. ಯಾವ ನಾಯಕರೂ ಕರೆದಿರಲಿಲ್ಲ. 19ರ ಹೊತ್ತಿಗೆ ಕೇಂದ್ರ ಸರ್ಕಾರ ಅಧಿಸೂಚನೆಯನ್ನು ಹಿಂದಕ್ಕೆ ತೆಗೆದುಕೊಂಡಿತು. ಮಗಳ ಫೀಸು, ಮನೆಯ ಚಾವಣಿ, ಆಸ್ಪತ್ರೆಯ ಬಿಲ್ಲು, ಎಲ್ಲಕ್ಕೂ ಪಿಎಫ್ ಒಂದೇ ಗತಿಯಾದವರಿಗೆ ಅದರ ನಿಯಮ ಬದಲಾಗುವುದನ್ನು ಮೊದಲೇ ಕೂರಿಸಿ ಹೇಳಬೇಕಿತ್ತು.

ಇನ್ನು ಆ ದೊಡ್ಡ ಕೆರೆ, ಪಿಂಚಣಿ ನಿಧಿ. 1995ರ ಯೋಜನೆಯ 32ನೇ ಕಂಡಿಕೆಯ ಪ್ರಕಾರ ಕೇಂದ್ರ ಸರ್ಕಾರ ನೇಮಿಸಿದ ಮೌಲ್ಯಮಾಪಕರು ಪ್ರತಿ ವರ್ಷ ನಿಧಿಯ ಬಾಧ್ಯತೆಯನ್ನೂ ಬಲವನ್ನೂ ಅಳೆಯಬೇಕು. ಅಳತೆಯ ಮೇಲೆ ವಂತಿಗೆಯ ದರವನ್ನು, ಪಿಂಚಣಿಯ ಪ್ರಮಾಣವನ್ನು ಸರ್ಕಾರ ಬದಲಿಸಲೂಬಹುದು. ಆದರೆ ಆ ವರದಿಯ ಸಾರಾಂಶವನ್ನು ಸದಸ್ಯರಿಗೆ ಕಳಿಸಬೇಕು ಎಂಬ ಸಾಲು ಆ ಕಂಡಿಕೆಯಲ್ಲಿ ಇಲ್ಲ. ನಮಗೆ ಸುದ್ದಿ ಬರುವುದು ಸಂಸತ್ತಿನ ಪ್ರಶ್ನೋತ್ತರದಿಂದ. ಕನಿಷ್ಠ ಪಿಂಚಣಿಯನ್ನು ಹೆಚ್ಚಿಸಿ ಎಂದು ಯಾವ ಸಂಸದರು ಕೇಳಿದರೂ ಸರ್ಕಾರದ ಉತ್ತರದಲ್ಲಿ ಒಂದು ಮಾತು ಮರುಕಳಿಸುತ್ತಿತ್ತು: 2019ರ ಮಾರ್ಚ್ 31ರ ಮೌಲ್ಯಮಾಪನದಂತೆ ನಿಧಿಯಲ್ಲಿ ಕೊರತೆ ಇದೆ. 2014ರ ಸೆಪ್ಟೆಂಬರಿನಿಂದ ಕನಿಷ್ಠ ಪಿಂಚಣಿ ತಿಂಗಳಿಗೆ 1,000 ರೂಪಾಯಿ. 2013ರಲ್ಲಿ ಭಗತ್ ಸಿಂಗ್ ಕೋಶಿಯಾರಿ ಅಧ್ಯಕ್ಷತೆಯ ರಾಜ್ಯಸಭೆಯ ಸಮಿತಿ 3,000 ಕೊಡಿ ಎಂದಿತ್ತು. ಪಿಂಚಣಿದಾರರು ಈಗ 7,500 ಮತ್ತು ತುಟ್ಟಿಭತ್ಯೆ ಕೇಳುತ್ತಿದ್ದಾರೆ. 75 ಲಕ್ಷಕ್ಕೂ ಹೆಚ್ಚು ಜನ ಈ ನಿಧಿಯಿಂದ ಪಿಂಚಣಿ ಪಡೆಯುತ್ತಿದ್ದಾರೆ. ಕೊರತೆ ಇರುವುದು ನಿಜವಾದರೆ ಎಷ್ಟು, ಯಾವ ಬಡ್ಡಿ ದರ ಹಿಡಿದು ಲೆಕ್ಕ ಹಾಕಿದರು, ಎಷ್ಟು ವಂತಿಗೆ ಏರಿಸಿದರೆ ತುಂಬುತ್ತದೆ? ಈ ಮೂರು ಅಂಕಿ ಪ್ರತಿ ಪಾಸ್‌ಬುಕ್ಕಿನ ಅಡಿಯಲ್ಲಿ ವರ್ಷಕ್ಕೊಮ್ಮೆ ಅಚ್ಚಾಗಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. "ದುಡ್ಡಿಲ್ಲ" ಎಂದು ಹೇಳಿ ಸುಮ್ಮನಾಗಬಾರದು, ಲೆಕ್ಕವನ್ನೇ ಮುಂದಿಡಬೇಕು. ಆಗ ಹೋರಾಟಕ್ಕೂ ಒಂದು ಹಿಡಿತ ಸಿಗುತ್ತದೆ.

ಆದರೆ ಕರೂರಿನ ಮಟ್ಟಿಗೆ ನನ್ನನ್ನು ಹೆಚ್ಚು ಕಾಡುವುದು ಮೂರನೆಯದು, ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಮಾಲೀಕರು ಕೊಡಬೇಕಾದ ಇಡಿಗಂಟು. ಪಿಎಫ್, ಪಿಂಚಣಿಗಳು ತಿಂಗಳು ತಿಂಗಳು ಹೊರಗಿನ ಸಂಸ್ಥೆಗೆ ಹೋಗಿ ಬೀಳುತ್ತವೆ. ಗ್ರಾಚ್ಯುಟಿ ಹಾಗಲ್ಲ. 1972ರ ಕಾಯ್ದೆ ತಂದ ಲೆಕ್ಕ ಸರಳ: ಒಂದು ವರ್ಷದ ಸೇವೆಗೆ 15 ದಿನದ ಸಂಬಳ, ತಿಂಗಳಿಗೆ 26 ದಿನ ಹಿಡಿದು. ಕೊನೆಯ ಸಂಬಳ 13,000 ಇದ್ದು 20 ವರ್ಷ ದುಡಿದಿದ್ದರೆ ದಿನಕ್ಕೆ 500, 15 ದಿನಕ್ಕೆ 7,500, 20 ವರ್ಷಕ್ಕೆ ಒಂದೂವರೆ ಲಕ್ಷ. ಈ ಒಂದೂವರೆ ಲಕ್ಷ ಇವತ್ತು ಎಲ್ಲಿದೆ? ಬಹಳಷ್ಟು ಕಡೆ ಎಲ್ಲೂ ಇಲ್ಲ. ಕಾರ್ಖಾನೆ ನಡೆದರೆ, ಮಾಲೀಕರ ಕೈಯಲ್ಲಿ ದುಡ್ಡಿದ್ದರೆ, ಆ ದಿನ ಕೊಡುತ್ತಾರೆ.

ದೊಡ್ಡ ಕಂಪನಿಗಳು ವಾರ್ಷಿಕ ವರದಿಯಲ್ಲಿ ಈ ಲೆಕ್ಕವನ್ನು ಬಿಡಿಸಿ ಹೇಳಲೇಬೇಕು. ಗ್ರಾಚ್ಯುಟಿಯ ಬಾಧ್ಯತೆ ಎಷ್ಟು, ತೆಗೆದಿಟ್ಟ ಆಸ್ತಿ ಎಷ್ಟು, ಯಾವ ಬಡ್ಡಿ ದರ ಹಿಡಿದರು, ಸಂಬಳ ಏರುವ ದರ ಎಷ್ಟು, ನೌಕರರು ಬಿಟ್ಟುಹೋಗುವ ದರ ಎಷ್ಟು ಎಂದೆಲ್ಲ. ಈ ಕೊನೆಯ ದರದ ಬಳಿ ಒಂದು ಕ್ಷಣ ನಿಲ್ಲಿ. ಐದು ವರ್ಷ ತುಂಬುವ ಮೊದಲೇ ಬಿಟ್ಟವರಿಗೆ ಸಾಮಾನ್ಯವಾಗಿ ಗ್ರಾಚ್ಯುಟಿ ಇಲ್ಲ. ಹಾಗಾಗಿ ಬಿಟ್ಟುಹೋಗುವವರು ಹೆಚ್ಚು ಎಂದು ಹಿಡಿದಷ್ಟೂ ಬಾಧ್ಯತೆ ಕಡಿಮೆ ಕಾಣುತ್ತದೆ. ಗಾರ್ಮೆಂಟ್ಸ್‌ನಲ್ಲಿ ಹೆರಿಗೆಗೆಂದೋ ಬೆನ್ನುನೋವಿಗೆಂದೋ ಮೂರು, ನಾಲ್ಕು ವರ್ಷಕ್ಕೆ ಕೆಲಸ ಬಿಡುವ ಹೆಣ್ಣುಮಗಳು ಆ ಅಂಕಿಯೊಳಗೆ ಒಂದು ಉಳಿತಾಯವಾಗಿ ಕೂತಿರುತ್ತಾಳೆ. ಷೇರುದಾರರು ಅದನ್ನು ಓದಬಹುದು. ಆಕೆಗೆ ಮಾತ್ರ ಅದು ತಿಳಿಯುವುದಿಲ್ಲ. ಸಣ್ಣ ಕಂಪನಿಗಳಿಗೆ ಈ ವಿವರಗಳಲ್ಲೂ ಸಡಿಲಿಕೆ ಇದೆ. ಕರೂರಿನಲ್ಲಿ ಹೆಚ್ಚಿನವು ಸಣ್ಣವೇ.

ನಿಧಿ ಬೇರೆಯಾಗಿ ಇರುವುದು ಯಾಕೆ ಮುಖ್ಯ ಎಂಬುದು ಕಂಪನಿ ದಿವಾಳಿಯಾದಾಗ ಗೊತ್ತಾಗುತ್ತದೆ. 2016ರ ದಿವಾಳಿ ಸಂಹಿತೆಯ 36ನೇ ಕಲಮಿನ ಪ್ರಕಾರ ಪಿಎಫ್, ಪಿಂಚಣಿ, ಗ್ರಾಚ್ಯುಟಿ ನಿಧಿಗಳಿಂದ ಕಾರ್ಮಿಕರಿಗೆ ಬರಬೇಕಾದ ದುಡ್ಡು ಸಾಲ ಕೊಟ್ಟವರ ಪಾಲಿಗೆ ಸೇರುವುದಿಲ್ಲ, ಹೊರಗೆ ಉಳಿಯುತ್ತದೆ. ಆದರೆ ಗ್ರಾಚ್ಯುಟಿ ನಿಧಿಯನ್ನೇ ತೆರೆಯದಿದ್ದರೆ? ಆಗ ದಿವಾಳಿ ಆಸ್ತಿಯಿಂದ ಅದನ್ನು ತುಂಬಿಕೊಡು ಎಂದು ಆ ಆಸ್ತಿಯನ್ನು ವಿಲೇವಾರಿ ಮಾಡುವ ಲಿಕ್ವಿಡೇಟರ್‌ಗೆ ಹೇಳಲಾಗದು ಎಂದು ರಾಷ್ಟ್ರೀಯ ಕಂಪನಿ ಕಾನೂನು ಮೇಲ್ಮನವಿ ನ್ಯಾಯಮಂಡಳಿ 2020ರ ಒಂದು ಪ್ರಕರಣದಲ್ಲಿ ಹೇಳಿತು. ನಿಧಿ ಇದ್ದವರಿಗೆ ಕಾನೂನಿನ ಕೊಡೆ ಉಂಟು, ಇಲ್ಲದವರು ಸಾಲ ಕೊಟ್ಟವರ ಸಾಲಿನಲ್ಲಿ ನಿಲ್ಲಬೇಕು.

ಈ ತೂತನ್ನು ಮುಚ್ಚಲು ಕರ್ನಾಟಕ ಸರ್ಕಾರ 2024ರ ಜನವರಿ 10ರಂದು ಕಡ್ಡಾಯ ಗ್ರಾಚ್ಯುಟಿ ವಿಮೆಯ ನಿಯಮ ತಂದಿತು. ಅದರಂತೆ ಮಾಲೀಕರು ಎಲ್‌ಐಸಿ ಅಥವಾ ಬೇರೆ ವಿಮಾ ಕಂಪನಿಯಲ್ಲಿ ಗ್ರಾಚ್ಯುಟಿಗೆ ವಿಮೆ ಮಾಡಿಸಬೇಕು. 500 ಅಥವಾ ಹೆಚ್ಚು ನೌಕರರಿದ್ದರೆ ಮಾನ್ಯತೆ ಪಡೆದ ಸ್ವಂತ ನಿಧಿಯನ್ನೂ ಇಡಬಹುದು. 2025ರ ನವೆಂಬರ್ 21ರಂದು ಹಳೆಯ ಕಾಯ್ದೆಗಳ ಜಾಗಕ್ಕೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಕಡ್ಡಾಯ ವಿಮೆಯ ಕಲಮು ಇದೆ. ಒಳ್ಳೆಯದು. ಆದರೆ ವಿಮೆ ಇದೆಯೇ, ಕಂತು ಕಟ್ಟಿದ್ದಾರೆಯೇ ಎಂಬುದನ್ನು ಕಾರ್ಮಿಕ ತಿಳಿಯುವುದು ಹೇಗೆ?

ಗ್ರಾಚ್ಯುಟಿ ಕಾಯ್ದೆಯ ಸಾರಾಂಶವನ್ನು ಕಾರ್ಮಿಕರಿಗೆ ತಿಳಿಯುವ ಭಾಷೆಯಲ್ಲಿ ಬಾಗಿಲ ಬಳಿ ತೂಗುಹಾಕಬೇಕು ಎಂಬ ನಿಯಮ ಮೊದಲಿನಿಂದ ಬಂದದ್ದು. ಕರೂರಿನ ಹಲವು ಗೇಟುಗಳಲ್ಲಿ ಆ ಹಳದಿ ಬಿದ್ದ ಹಾಳೆಯನ್ನು ನೋಡಿದ್ದೇನೆ, ಗಾಜಿನ ಹಿಂದೆ, ಕನಿಷ್ಠ ವೇತನದ ಪಟ್ಟಿಯ ಪಕ್ಕ. ಕಾಯ್ದೆ ಏನು ಹೇಳುತ್ತದೆ ಎಂಬುದು ಅಲ್ಲಿದೆ. ಈ ಕಾರ್ಖಾನೆ ಏನು ಮಾಡಿದೆ ಎಂಬುದು ಇಲ್ಲ. ಅದರ ಪಕ್ಕದಲ್ಲೇ ಅರ್ಧ ಹಾಳೆಯ ಕನ್ನಡ ಬರಹ ಸಾಕು: ಮಾರ್ಚ್ 31ಕ್ಕೆ ನಮ್ಮ ಎಲ್ಲ ನೌಕರರಿಗೆ ಸಲ್ಲಬೇಕಾದ ಗ್ರಾಚ್ಯುಟಿ ಒಟ್ಟು ಇಷ್ಟು, ಅದಕ್ಕೆ ತೆಗೆದಿಟ್ಟದ್ದು ಇಷ್ಟು, ಇಟ್ಟಿರುವ ಕಡೆ ಇದು, ಪಾಲಿಸಿ ಸಂಖ್ಯೆ ಇದು, ಕೊನೆಯ ಕಂತು ಕಟ್ಟಿದ ದಿನ ಇದು. ಈ ಅಂಕಿಗಳೆಲ್ಲ ಲೆಕ್ಕಿಗರ ಮೇಜಿನ ಮೇಲೆ ಇರುವಂಥವೇ. ನಾನೇ ಆ ಮೇಜಿನ ಹಿಂದೆ ಕೂತಿದ್ದವನು. ಅರ್ಧ ದಿನದ ಕೆಲಸವೂ ಅಲ್ಲ. ಒಳ್ಳೆಯ ಮಾಲೀಕರಿಗೆ ಇದರಿಂದ ಗೌರವ ಹೆಚ್ಚುತ್ತದೆ. ಕರೂರಿನಲ್ಲಿ ಅಂಥವರು ಇದ್ದಾರೆ, ಅವರೇ ಮೊದಲು ಹಾಕಲಿ.

ಆ ಹೆಣ್ಣುಮಗಳು ಆಮೇಲೆ ಎರಡು ಸಲ ಸಿಕ್ಕಳು. ಮೊದಲ ಸಲ ತನ್ನ ಮೊಬೈಲಿನಲ್ಲಿ ಕಾರ್ಖಾನೆಯ ಹೆಸರು ಹುಡುಕಿ ತೋರಿಸಿದಳು: ಹಿಂದಿನ ತಿಂಗಳ ಪಿಎಫ್ 14ನೇ ತಾರೀಕು ಕಟ್ಟಿದ್ದರು. ಮುಖದಲ್ಲಿ ನಿರಾಳ ಇತ್ತು. ಎರಡನೇ ಸಲ ಸಿಕ್ಕಾಗ ಗ್ರಾಚ್ಯುಟಿಯ ಬಗ್ಗೆ ಆಫೀಸಿನಲ್ಲಿ ಕೇಳಿ ಬಂದಿದ್ದಳು. "ಪಾಲಿಸಿ ಐತಿ ಅಂದ್ರು. ಎಷ್ಟು ಕಟ್ಟ್ಯಾರ ಅಂತ ಹೇಳ್ಲಿಲ್ಲ. ಬರದು ಕೊಡು, ನೋಡ್ತೀವಿ ಅಂದ್ರು. ಹೆಂಗ ಬರೀಬೇಕು ಹೇಳ್ರಿ."

ಚಹಾ ಅಂಗಡಿಯ ಬೆಂಚಿನ ಮೇಲೆ ಕೂತು ಕನ್ನಡದಲ್ಲಿ ನಾಲ್ಕು ಸಾಲು ಬರೆದೆವು. ಪಾಲಿಸಿ ಸಂಖ್ಯೆ ತಿಳಿಸಿ. ಒಟ್ಟು ಬಾಧ್ಯತೆ ತಿಳಿಸಿ. ತೆಗೆದಿಟ್ಟ ಮೊತ್ತ ತಿಳಿಸಿ. ಈ ಮೂರನ್ನೂ ಗೇಟಿನ ಹಲಗೆಗೆ ಹಾಕಿ. ಆಕೆ ಮೊದಲು ಸಹಿ ಮಾಡಿದಳು. ಆಟೊಗೆ ಕಾಯುತ್ತಿದ್ದ ಆರು ಜನ ಗೆಳತಿಯರನ್ನು ಕರೆದಳು. ಒಬ್ಬೊಬ್ಬರೂ ಕಾಗದವನ್ನು ಪೂರ್ತಿ ಓದಿಸಿಕೊಂಡು, ಆಮೇಲೆ ಪೆನ್ನು ತೆಗೆದುಕೊಂಡರು.